ಹೂವಿನ ಯಜಮಾನಿ

ಹೂವಿನ ಜೊತೆ ನಾರಿಯೂ ಸ್ವರ್ಗಕ್ಕೆ ಹೋದಳು ಎಂದು ಗಾದೆ. ಅದು ನಾರು ಎಂದು ತಿದ್ದಲು ಪೆನ್ನು ಎತ್ತಿದವರು ಆ ಪೆನ್ನನ್ನು ಸ್ವಲ್ಪ ಹೊತ್ತು ಕಿವಿಗೆ ಸಿಕ್ಕಿಸಿಕೊಂಡು ಕಾಯಬೇಕು. ಸ್ವರ್ಗದ ವಿಷಯಕ್ಕೆ ಜಾಮೀನು ಕೊಡುವುದಕ್ಕಾಗುವುದಿಲ್ಲ. ಕಾರ್ಕಳದಿಂದ ಮಣಿಪಾಲದವರೆಗೆ ಹೋದದ್ದಂತೂ ಹೌದು, ಎಕ್ಸ್‌ಪ್ರೆಸ್ ಬಸ್ಸಿನಲ್ಲಿ, ಕಿಟಕಿ ಬದಿಯ ಸೀಟಿನಲ್ಲಿ ಕುಳಿತು. ನಡೆದದ್ದನ್ನು ನಡೆದ ಹಾಗೆಯೇ ಹೇಳುವುದು. ಇದರಲ್ಲಿ ನಡೆಯದೇ ಇದ್ದದ್ದು ಏನಾದರೂ ಕಂಡರೆ ಅದು ಕೀರ್ತನನ ತಲೆಯೊಳಗೆ ನಡೆದದ್ದು ಎಂದು ತಿಳಿಯಬೇಕು. ಆ ಶನಿವಾರ ಅವನ ತಲೆಯೊಳಗೆ ಉಡುಪಿಯ ಸರ್ವಿಸ್ ಬಸ್ ಸ್ಟ್ಯಾಂಡಿಗಿಂತ ಹೆಚ್ಚು ಗದ್ದಲವಿತ್ತು.

ಬೆಳಿಗ್ಗೆ ಅಂಬಲಪಾಡಿಯ ಮನೆಯಲ್ಲಿ ಅವನು ನೀರುದೋಸೆಯನ್ನು ತಿನ್ನದೆ ಬೆಳಕಿಗೆ ಹಿಡಿದು ನೋಡುತ್ತಿದ್ದ. ಒಂದು ವರ್ಷದಿಂದ ಅವನಿಗೆ ವಸ್ತುಗಳು ಕಾಣುವುದು ನಿಂತುಹೋಗಿ ಬರೀ ಅವುಗಳ ಮೈ ಕಾಣುತ್ತಿತ್ತು. ದೋಸೆಯ ತೂತುಗಳು, ಕೆಸುವಿನ ಎಲೆಯ ಮೇಲೆ ಉರುಳುವ ನೀರು, ಬಂಗುಡೆಯ ಬೆನ್ನಿನ ಹೊಳಪು, ಎದುರಿಗೆ ಕುಳಿತವರ ಹಣೆಯ ಬೆವರು. ಯಾವುದರ ಮೇಲೆ ಬೆಳಕು ನಿಲ್ಲುತ್ತದೆ, ಯಾವುದರಿಂದ ಅದು ಹಿಂದಿರುಗಿ ಬರುತ್ತದೆ ಎಂಬುದೊಂದೇ ಲೆಕ್ಕ. “ದೋಸೆ ಅದು, ನಿನ್ನ ಸೋಲಾರ್ ಅಲ್ಲ. ಪರೀಕ್ಷೆ ಮಾಡಬೇಡ, ತಿನ್ನು” ಎಂದು ತಾಯಿ ಸುಗಂಧಿ ಚಟ್ನಿಯ ಪಾತ್ರೆಯನ್ನು ಅವನ ಮುಂದೆ ಸ್ವಲ್ಪ ಜೋರಾಗಿಯೇ ಇಟ್ಟಳು. ಆಗಲೇ ಫೋನ್ ಹೊಡೆದುಕೊಂಡಿತು. ಲ್ಯಾಬಿನ ಸ್ಥಿರ ದೂರವಾಣಿಯ ನಂಬರು. ಎತ್ತಿದರೆ ಮೊದಲು ಮೂಗಿನಿಂದ ಒಳಗೆಳೆದ ಉದ್ದದ ಒಂದು ಉಸಿರು. ಮಾತಿಗೆ ಮುಂಚೆ ಹಾಗೆ ಉಸಿರೆಳೆಯುವವರು ಈ ಭೂಮಿಯ ಮೇಲೆ ಒಬ್ಬರೇ, ಅವನ ಗೈಡ್ ಡಾಕ್ಟರ್ ಗ್ಲ್ಯಾಡಿಸ್.

“ಕೀರ್ತನ್, ಆ ಕಪ್ಪು ತುಂಡು ಉಂಟಲ್ಲ, ಅದರ ಹೂವು ಯಾರದ್ದು?”

“ಮೇಡಂ?”

“ಹೂವಿಗೆ ಒಬ್ಬರು ಯಜಮಾನರು ಇರುತ್ತಾರೆ, ಅಲ್ವಾ? ಅವರನ್ನು ಒಂದು ಮಾತು ಕೇಳದೆ ನಾವು ಕೆಲಸ ಮಾಡಿದ್ದೇವೆ. ಸರಿ ಅಲ್ಲ ಅದು. ಸಂಜೆ ಐದಕ್ಕೆ ಅವರನ್ನು ಲ್ಯಾಬಿಗೆ ಕರೆದುಕೊಂಡು ಬಾ.”

“ಮೇಡಂ, ಯಾರನ್ನು ಅಂತ…”

“ಯಾರನ್ನು ಅಂತ ನಿನಗೆ ಗೊತ್ತುಂಟು, ಅಲ್ವಾ?”

ಫೋನ್ ಇಟ್ಟ ಸದ್ದಾಯಿತು. ಗೊತ್ತುಂಟು. ಗೊತ್ತಿದ್ದದ್ದೇ ತೊಂದರೆ. ಕೀರ್ತನನ ಬೆರಳುಗಳ ನಡುವೆ ದೋಸೆ ಹರಿದು ಎರಡಾಯಿತು, ಮತ್ತು ಅವನು ಅದರ ಅಂಚಿನ ಕಡೆಗೆ, ಹರಿದ ಅಂಚು ಹೇಗೆ ಬೆಳಕನ್ನು ಚದುರಿಸುತ್ತದೆ ಎಂಬ ಕಡೆಗೆ, ಮತ್ತೆ ಮತ್ತೆ ನೋಡಿದ. ಬೇರೆಲ್ಲಿ ನೋಡುವುದಕ್ಕೂ ಆ ಹೊತ್ತಿನಲ್ಲಿ ಅವನಿಗೆ ಧೈರ್ಯವಿರಲಿಲ್ಲ.

ಕಪ್ಪು ತುಂಡು ಎಂದರೆ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾದ ಒಂದು ಸೌರಕೋಶ, ಅದರ ಮೇಲೆ ಅಂಟಿಸಿದ ಪಾರದರ್ಶಕ ಪೊರೆ. ನುಣುಪಾದ ಸಿಲಿಕಾನ್ ಕನ್ನಡಿಯ ಹಾಗೆ. ಬಿದ್ದ ಬಿಸಿಲಿನಲ್ಲಿ ಮೂರರಲ್ಲಿ ಒಂದು ಪಾಲನ್ನು ಬಂದ ದಾರಿಗೇ ತಿರುಗಿಸಿ ಕಳಿಸಿಬಿಡುತ್ತದೆ. ಬಾಗಿಲಿಗೆ ಬಂದ ನೆಂಟನನ್ನು ಹೊಸ್ತಿಲಿನಿಂದಲೇ ಹಿಂದೆ ಕಳಿಸಿದ ಹಾಗೆ. ಆದರೆ ಮಲ್ಲಿಗೆಯ ಎಸಳಿನ ಮೈ ಹಾಗಲ್ಲ. ಸೂಕ್ಷ್ಮದರ್ಶಕದ ಕೆಳಗೆ ಅದು ಗುಡ್ಡ ಗುಡ್ಡ, ಒಂದೊಂದು ಗುಡ್ಡದ ಮೇಲೂ ಬೆಳಕಿನ ಅಲೆಗಿಂತ ಸಣ್ಣದಾದ ನೆರಿಗೆಗಳು. ಗಾಳಿ ಎಲ್ಲಿ ಮುಗಿಯಿತು, ಎಸಳು ಎಲ್ಲಿ ಸುರುವಾಯಿತು ಎಂದು ಬೆಳಕಿಗೆ ತಿಳಿಯುವುದೇ ಇಲ್ಲ. ಹೊಸ್ತಿಲು ಎಡವದೆ ಒಳಗೆ ಬಂದುಬಿಡುತ್ತದೆ. ಎಸಳಿನ ಮೇಲೆ ದ್ರವರೂಪದ ರಬ್ಬರ್ ಸುರಿದು, ಬೆಚ್ಚಗಿಟ್ಟು, ಗಟ್ಟಿಯಾದ ಮೇಲೆ ಬಿಡಿಸಿದರೆ ಆ ನೆರಿಗೆಗಳ ಅಚ್ಚು ಸಿಗುತ್ತದೆ. ಅಚ್ಚಿನಿಂದ ಪೊರೆ ತೆಗೆದು ಕೋಶದ ಮೇಲೆ ಅಂಟಿಸುವುದು. “ನ್ಯಾನೋ ಅಂದರೆ ಎಂತ? ನಾನೋ? ನೀನೋ?” ಎಂದು ಜೊತೆಯ ಸಂಶೋಧಕ ನಜೀಬ್ ಲ್ಯಾಬಿಗೆ ಬಂದವರನ್ನೆಲ್ಲ ನಗಿಸುತ್ತಿದ್ದ. “ಸೋಲಾರ್ ಲ್ಯಾಬು ಮಾರಾಯ್ರೇ ಇದು. ಇಲ್ಲಿ ಸೋಲುವವರೇ ಹೆಚ್ಚು.”

ಸೋತದ್ದು ಹೌದು. ಒಂದು ಸಲ, ಒಂದೇ ಒಂದು ಸಲ, ಅಚ್ಚು ಹೂವಿನಿಂದ ಚೊಕ್ಕವಾಗಿ ಬಿಟ್ಟುಬಂದಿತ್ತು. ಅದರಿಂದ ಆದ ಪೊರೆ ಹೊದ್ದ ಕೋಶ ಕಾಡಿಗೆಯಷ್ಟು ಕಪ್ಪಾಗಿ, ದೀಪ ಹಿಡಿದರೂ ಮುಖ ತೋರಿಸದೆ, ಕರೆಂಟನ್ನು ಸ್ಪಷ್ಟವಾಗಿ ಹೆಚ್ಚು ಕೊಟ್ಟಿತ್ತು. ಆಮೇಲೆ ಸುರಿದದ್ದಕ್ಕೆಲ್ಲ ಎಸಳು ಹರಿದು ಅಚ್ಚಿನ ಹೊಂಡಗಳಲ್ಲಿ ಅಂಟಿಕೊಂಡೇ ಕುಳಿತಿತು. ಮೊಗ್ಗು, ಅರಳಿದ್ದು, ಬಾಡಿದ್ದು, ಫ್ರಿಜ್ಜಿನದ್ದು, ಯಾವುದೂ ಆಗಲಿಲ್ಲ. ಈ ತಿಂಗಳ ಕೊನೆಗೆ ಹೊರಗಿನಿಂದ ಸಮಿತಿ ಬರುತ್ತದೆ, ಎರಡನೆಯದೊಂದನ್ನು ಮಾಡಿ ತೋರಿಸದಿದ್ದರೆ ಆ ಫಲಿತಾಂಶವನ್ನೇ ಹಿಂದಕ್ಕೆ ತೆಗೆದುಕೊಳ್ಳುವುದು, ಎಂದು ಮೇಡಂ ಹೇಳಿಯಾಗಿತ್ತು. ಹಿಂದಕ್ಕೆ ತೆಗೆದುಕೊಂಡರೆ ಅವನ ಪ್ರಬಂಧದಲ್ಲಿ ಉಳಿಯುವುದು ಮುನ್ನುಡಿ ಮತ್ತು ಕೃತಜ್ಞತೆ. “ಒಂದೇ ಸಲ ಆದದ್ದು ಫಲಿತಾಂಶ ಅಲ್ಲ ಕೀರ್ತನ್, ಪವಾಡ. ಪವಾಡ ಬೇಕಾದರೆ ಅತ್ತೂರಿನ ಇಗರ್ಜಿಗೆ ಹೋಗಿ ಮೊಂಬತ್ತಿ ಹಚ್ಚು. ಲ್ಯಾಬಿಗೆ ಬರಬೇಡ.” ಎಲ್ಲರೆದುರು ಹೇಳಿದ್ದರು. ನಗದೆ ಇದ್ದವನು ನಜೀಬ್ ಒಬ್ಬನೇ, ಅದು ಇನ್ನೂ ಹೆಚ್ಚು ಉರಿದಿತ್ತು.

ಮತ್ತು ಆ ಒಂದು ಸಲದ ಹೂವು ಶಂಕರಪುರದ್ದಲ್ಲ ಎಂದು ಅವನು ಯಾರಿಗೂ ಹೇಳಿರಲಿಲ್ಲ. ಮೇಡಂ ಅವರ ತಾಯಿ ಬರ್ತಾ ಬಾಯಮ್ಮ ಶಂಕರಪುರದ ಮನೆಯ ಹಿತ್ತಲಿನಲ್ಲಿ ಮಲ್ಲಿಗೆ ಬೆಳೆಸುತ್ತಿದ್ದರು. ಲ್ಯಾಬಿಗೆ ಹೂವು ಅಲ್ಲಿಂದಲೇ. ಆ ದಿನ ಹೂವು ಬಂದಿರಲಿಲ್ಲ. ಬಂದಿರಲಿಲ್ಲ, ಏನು ಮಾಡುವುದು? ಅದು ಲ್ಯಾಬಿನಲ್ಲಿ ತನ್ವಿಯ ಕೊನೆಯ ದಿನ. ಲ್ಯಾಬಿನ ಕೆಲಸ ಮುಗಿಸಿ ಕಾರ್ಕಳದ ಕಾಲೇಜಿಗೆ ಪಾಠ ಹೇಳಲು ಹೋಗುವವಳು, ಎಲ್ಲಿಯೋ ಮೆಹಂದಿಗೆ ಹೋಗಿ ಹಾಗೆಯೇ ಬಂದಿದ್ದಳು, ಜಡೆಯ ತುಂಬ ಮಲ್ಲಿಗೆ. ಕಿಟಕಿಯ ಕಡೆ ಮುಖ ಮಾಡಿ, ಹೊಸ ಸಿಲಿಕಾನ್ ವೇಫರನ್ನು, ಆ ನುಣುಪಾದ ತೆಳು ಬಿಲ್ಲೆಯನ್ನು, ಎರಡು ಕೈಯಲ್ಲಿ ಹಿಡಿದು ನೋಡುತ್ತಾ ನಿಂತಿದ್ದಾಗ ದಂಡೆಯ ಒಂದು ತುಂಡು ಜಾರಿ ನೆಲಕ್ಕೆ ಬಿತ್ತು. ಅವನು ಬಗ್ಗಿ ಹೆಕ್ಕಿದ. ಅಷ್ಟೇ. ಹೂವು ಬಂದಿರದಿದ್ದರೆ ಯಾರಾದರೂ ಹಾಗೆಯೇ ಮಾಡುತ್ತಿದ್ದರು. ಆದರೆ ಆ ಕಡೆ ಯೋಚನೆ ಹೋದಾಗಲೆಲ್ಲ ಅದು ಯಾವುದೋ ನುಣುಪಾದ ಮೈಗೆ ತಾಗಿದಂತೆ ತಟ್ಟನೆ ಹಿಂದಿರುಗಿ ಬರುತ್ತಿತ್ತು. ಬಿದ್ದ ಹೂವು, ಹುಡುಗಿಯೊಬ್ಬಳ ಜಡೆಯದ್ದು, ಎಂದು ಸಮಿತಿಯ ಮುಂದೆ ಹೇಳಬೇಕೆ? ನಜೀಬನ ಬಾಯಿಗೆ ಬಿದ್ದರೆ ಅದು ಕಾಪು ಬೀಚಿನವರೆಗೆ ಹೋಗಿ ದೀಪಸ್ತಂಭ ಹತ್ತುತ್ತಿತ್ತು.

ಈಗ ಮೇಡಂಗೆ ಗೊತ್ತಾಗಿದೆ. ಹೇಗೆ ಗೊತ್ತಾಯಿತು ಎಂದು ಯೋಚಿಸುತ್ತಾ ಅವನು ಮಣಿಪಾಲದ ಬಸ್ಸು ಹತ್ತುವುದರ ಬದಲು ಕಟಪಾಡಿಯ ಕಡೆಯ ಬಸ್ಸು ಹತ್ತಿದ್ದ. ಬಸ್ಸು ಹೊರಟ ಮೇಲೆ ತಾನು ಏನು ಮಾಡಲು ಹೊರಟಿದ್ದೇನೆ ಎಂಬುದು ತಿಳಿಯಿತು. ಬರ್ತಾ ಬಾಯಮ್ಮನನ್ನು ಕರೆದುಕೊಂಡು ಹೋಗಿ ನಿಲ್ಲಿಸುವುದು. ಹೂವಿನ ಯಜಮಾನಿ ಇವರೇ ಎನ್ನುವುದು. ಸ್ವಂತ ತಾಯಿಯ ಮುಖ ನೋಡಿದ ಮೇಲೆ ಮೇಡಂ ಎಂತ ಹೇಳಿಯಾರು? ಸುಳ್ಳಿಗೂ ಒಂದು ಪೊರೆ ಹೊದೆಸಿದರೆ ಬೆಳಕು ಎಡವದೆ ಒಳಗೆ ಹೋಗುತ್ತದೆ. ತನ್ನ ಬುದ್ಧಿವಂತಿಕೆಗೆ ತಾನೇ ಒಂದು ಕ್ಷಣ ತಲೆದೂಗಿ, ಮರುಕ್ಷಣ ಪಕ್ಕದಲ್ಲಿ ಕುಳಿತ ಅಜ್ಜ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿ ತಲೆಯನ್ನು ಕಿಟಕಿಗೆ ತಿರುಗಿಸಿದ.

ಶಂಕರಪುರದಲ್ಲಿ ಆ ಹೊತ್ತಿಗೆ ಜಗಲಿ ಜಗಲಿಯಲ್ಲಿ ಕೈಗಳು ಓಡುತ್ತಿದ್ದವು. ಮಾರುಕಟ್ಟೆಗೆ ಹೂವು ಹೋಗುವ ಹೊತ್ತು. ಯಾರೂ ತಲೆಯೆತ್ತಿ ಮಾತಾಡುವುದಿಲ್ಲ. ಬರ್ತಾ ಬಾಯಮ್ಮ ಕಾಲು ಚಾಚಿ ಕುಳಿತು, ಬಾಳೆನಾರನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ, ಮೊಗ್ಗುಗಳನ್ನು ಕಟ್ಟುತ್ತಿದ್ದರು. ಅವನು ಮೆಟ್ಟಿಲಿನಲ್ಲಿ ನಿಂತು ಕೆಮ್ಮಿದ.

“ಯಾರು? ಓ, ಗ್ಲ್ಯಾಡಿಸಳ ಹುಡುಗನಾ? ದೇವರಿಗೆ ಇಡುವ ಹೂವಿನ ಮೇಲೆ ರಬ್ಬರ್ ಹೊಯ್ಯುವವ ನೀನೇ ಅಲ್ವಾ ಪುತಾ?”

“ಹೌದು ಬಾಯಮ್ಮ. ಅದೇ ವಿಷಯ. ಒಂದು ಕೇಳುವುದಿತ್ತು.”

“ಕೇಳು. ಕೈಗೆ ಕೆಲಸ ಉಂಟು, ಕಿವಿ ಖಾಲಿ ಉಂಟು.”

ಅವನು ಬಾಯಿ ತೆರೆದ. ಸಂಜೆ ಮಣಿಪಾಲಕ್ಕೆ ಬನ್ನಿ, ಆ ಹೂವು ನಿಮ್ಮದೇ ಎಂದು ಹೇಳಿ. ಇಷ್ಟೇ ಮಾತು. ಆದರೆ ಬಾಯಿಂದ ಬಂದದ್ದು ಬೇರೆ. “ಕಳೆದ ವರ್ಷ ನೀವು ಹೂವು ಕಳಿಸದ ದಿನ ಯಾವುದಾದರೂ ಉಂಟಾ ಬಾಯಮ್ಮ?”

ಓಡುತ್ತಿದ್ದ ಕೈ ನಿಂತಿತು. “ಕಳಿಸದ ದಿನವಾ? ಎಂತ ಮಾತು ಪುತಾ ಇದು? ಗಿಡಕ್ಕೆ ರೋಗ ಬಂದಾಗಲೂ ಆಚೆ ಮನೆಯಿಂದ ಇಸಕೊಂಡು ಕಳಿಸಿದ್ದೇನೆ. ಮಗಳ ಲ್ಯಾಬಿಗೆ ಒಂದು ದಿನ ತಪ್ಪಿಸಿದವಳಲ್ಲ ನಾನು. ಯಾರು ಹೇಳಿದರು ನಿನಗೆ, ಅವಳಾ?” ಕೆಮ್ಮಿನ ಹಾಗಿನ ಒಂದು ನಗು. “ಇಷ್ಟು ವರ್ಷ ಕಳಿಸಿದ್ದೇನೆ, ಆ ಲ್ಯಾಬು ಕಪ್ಪಾ ಬಿಳಿಯಾ ಅಂತ ನನಗೆ ಗೊತ್ತಿಲ್ಲ. ಒಂದು ದಿನ ಕರೆದದ್ದುಂಟಾ ಅವಳು?”

ಕೇಳಬೇಕಾದದ್ದಕ್ಕೆ ಇದಕ್ಕಿಂತ ಒಳ್ಳೆಯ ಬಾಗಿಲು ಬೇಕೆ? ಬನ್ನಿ ಬಾಯಮ್ಮ, ಇವತ್ತೇ ಬನ್ನಿ. ಅವನ ನಾಲಗೆ ಮೇಲಕ್ಕೆ ಅಂಟಿಕೊಂಡಿತ್ತು, ಎಸಳು ಅಚ್ಚಿಗೆ ಅಂಟಿದ ಹಾಗೆ. ಈ ಮುದುಕಿ ಲ್ಯಾಬಿಗೆ ಬಂದು, ಮಗಳ ಮುಂದೆ ನಿಂತು, ಒಂದು ದಿನ ತಪ್ಪಿಸಲಿಲ್ಲ ನಾನು ಎಂದು ಇದೇ ದನಿಯಲ್ಲಿ ಹೇಳಿದರೆ? ಹೂವು ಬಂದಿರಲಿಲ್ಲ ಎಂಬುದು ಅವನ ನೆನಪು. ಸ್ಪಷ್ಟವಾದ ನೆನಪು. ಫ್ರಿಜ್ಜಿನ ಬಾಗಿಲು ತೆಗೆದದ್ದು ನೆನಪುಂಟು, ಒಳಗಿನ ಸಣ್ಣ ದೀಪ ಹೊತ್ತಿಕೊಂಡದ್ದು ನೆನಪುಂಟು, ಆಮೇಲೆ… “ಬರುತ್ತೇನೆ ಬಾಯಮ್ಮ” ಎಂದು ಮೆಟ್ಟಿಲಿಳಿದ.

“ಎಂತ, ಓಡಿಕೊಂಡು ಬಂದು ಓಡಿಕೊಂಡು ಹೋಗುವುದು? ನಿಲ್ಲು. ಇವತ್ತು ಅವಳು ಹುಟ್ಟಿದ ದಿನ. ಇದನ್ನು ಕೊಡು.” ಬಾಳೆಲೆಯಲ್ಲಿ ಸುತ್ತಿದ ಒಂದು ಚೆಂಡು ಮಲ್ಲಿಗೆಯನ್ನು ಅವನ ಕೈಗಿಟ್ಟರು. “ಇದರ ಮೇಲೆ ರಬ್ಬರ್ ಹೊಯ್ಯಬೇಡ. ಮುಡಿಯುವುದಕ್ಕೆ ಅಂತ ಹೇಳು.”

ಶಿರ್ವ ದಾಟಿ, ಬೆಳ್ಮಣ್ ದಾಟಿ, ಕಾರ್ಕಳದ ಬಸ್ಸಿನಲ್ಲಿ ಆ ಹೂವನ್ನು ಎಲ್ಲಿ ಇಟ್ಟುಕೊಳ್ಳುವುದು ಎಂಬುದೇ ಒಂದು ಸಮಸ್ಯೆಯಾಯಿತು. ತೊಡೆಯ ಮೇಲೆ ಇಟ್ಟರೆ ಹೆಣ್ಣು ನೋಡಲು ಹೊರಟವನ ಹಾಗೆ. ಬ್ಯಾಗಿಗೆ ಹಾಕಿದರೆ ಜಜ್ಜಿಹೋಗುತ್ತದೆ. ಕಾಲ ಬುಡದಲ್ಲಿ ಇಡುವ ಹಾಗಿಲ್ಲ, ಮೇಡಂಗೆ ತಲುಪಬೇಕಾದದ್ದು. ಕೊನೆಗೆ ಎರಡು ಅಂಗೈಗಳ ಮೇಲೆ, ತನ್ವಿ ವೇಫರ್ ಹಿಡಿದ ಹಾಗೆಯೇ ಹಿಡಿದುಕೊಂಡು ಕುಳಿತ, ಹಾಗೆ ಹಿಡಿದದ್ದು ಗಮನಕ್ಕೆ ಬಂದ ಕೂಡಲೆ ಕೈ ಬದಲಿಸಿದ. ಅವಳನ್ನು ಕಂಡು ಎಂತ ಹೇಳುವುದು? ಒಂದು ವರ್ಷದಲ್ಲಿ ಅವಳ ಹುಟ್ಟುಹಬ್ಬಕ್ಕೆ ಒಂದು ಸಂದೇಶ ಕಳಿಸಿದ್ದ, ಅವಳು ಒಂದು ಧನ್ಯವಾದ ಕಳಿಸಿದ್ದಳು, ಆ ಧನ್ಯವಾದದ ಜೊತೆಗೆ ಹಳದಿ ನಗುಮುಖವೊಂದಿತ್ತು, ಆ ನಗುಮುಖದ ಅರ್ಥವೇನು ಎಂದು ಅವನು ಪ್ರಯೋಗದ ಫಲಿತಾಂಶವನ್ನು ನೋಡುವಷ್ಟು ಹೊತ್ತು ನೋಡಿದ್ದ. ಲ್ಯಾಬಿನಲ್ಲಿದ್ದಾಗ ಅವಳು ಅವನ ಪಕ್ಕದ ಮೇಜು. ನಜೀಬ್ ಬಸ್ ಕಂಡಕ್ಟರನ ದನಿ ತೆಗೆಯುತ್ತಿದ್ದ, ವಾಚ್‌ಮನ್ ಶೇಖರನ ದನಿ ತೆಗೆಯುತ್ತಿದ್ದ, ಕೀರ್ತನ್ ಗಂಟಲು ಸರಿಮಾಡಿಕೊಂಡು ಮಾತಾಡಲಾಗದೆ ಸುಮ್ಮನಾಗುವ ರೀತಿಯನ್ನೂ ತೆಗೆಯುತ್ತಿದ್ದ. ತನ್ವಿ ಮೇಜಿಗೆ ಹಣೆ ಒತ್ತಿ ನಗುತ್ತಿದ್ದಳು. ಮೇಡಂ ಒಬ್ಬರ ದನಿಯನ್ನು ಮಾತ್ರ ಅವನು ತೆಗೆದದ್ದು ಯಾರೂ ಕೇಳಿರಲಿಲ್ಲ. ಅನ್ನ ಕೊಡುವ ಕೈಯನ್ನು ಮಿಮಿಕ್ರಿ ಮಾಡಬಾರದು ಮಾರಾಯ, ಎನ್ನುತ್ತಿದ್ದ.

ಕಾಲೇಜು ಮಧ್ಯಾಹ್ನಕ್ಕೆ ಬಿಟ್ಟಿತ್ತು. ಗೇಟಿನಿಂದ ಹೊರಬಂದವಳು ಅವನನ್ನು ನೋಡಿ, ಅವನ ಕೈಯಲ್ಲಿದ್ದ ಬಾಳೆಲೆಯನ್ನು ನೋಡಿ, ನಿಂತಳು. ಹಿಂದೆ ಬರುತ್ತಿದ್ದ ವಿದ್ಯಾರ್ಥಿನಿಯರ ಗುಂಪೊಂದು ಕಿಸಕ್ಕೆಂದಿತು. ಅವನ ಕಿವಿ ಬಿಸಿಯಾಯಿತು.

“ಎಂತ ಮಾರಾಯ ನೀನು? ಇಲ್ಲಿ? ಹೂವು ಹಿಡಿದುಕೊಂಡು?”

“ಇದು ನಿನಗಲ್ಲ” ಎಂದ. ಅದಕ್ಕಿಂತ ಕೆಟ್ಟದಾಗಿ ಸುರು ಮಾಡುವುದಕ್ಕೆ ಸಾಧ್ಯವಿರಲಿಲ್ಲ. “ಅಂದರೆ, ಮೇಡಂಗೆ. ಮೇಡಂ ನಿನ್ನನ್ನು ಕರೆದಿದ್ದಾರೆ. ಸಂಜೆ ಐದಕ್ಕೆ.”

“ನನ್ನನ್ನು ಯಾಕೆ? ನಾನು ಬಿಟ್ಟು ವರ್ಷ ಆಯಿತಲ್ಲ.”

ಆನೆಕೆರೆಯ ಬದಿಯ ಅಂಗಡಿಯಲ್ಲಿ ಎರಡು ಲಿಂಬೆ ಶರಬತ್ತು ಹೇಳಿ ಅವಳು ಕುಳಿತಳು. ಅವನು ಗಾಜಿನ ಲೋಟದ ಹೊರಮೈಯ ಬೆವರನ್ನು ನೋಡುತ್ತಾ, ಬಾರದ ಪದ್ಯವನ್ನು ಒಪ್ಪಿಸುವ ಹುಡುಗನ ಹಾಗೆ, ಹೇಳಿಮುಗಿಸಿದ. ಕಪ್ಪು ತುಂಡು. ಆ ದಿನ. ಹೂವು ಬಂದಿರಲಿಲ್ಲ. ನಿನ್ನ ಜಡೆಯಿಂದ ಬಿದ್ದದ್ದು. ನಾನು ಹೆಕ್ಕಿದೆ.

“ಗೊತ್ತುಂಟು” ಎಂದಳು ತನ್ವಿ.

“ಗೊತ್ತುಂಟಾ?”

“ವೇಫರ್ ಇತ್ತಲ್ಲ ಕೈಯಲ್ಲಿ. ಅದರಲ್ಲಿ ಕಂಡಿತು. ನೀನು ಬಗ್ಗಿದ್ದು, ಆಚೆ ಈಚೆ ನೋಡಿದ್ದು, ಕಳ್ಳನ ಹಾಗೆ ಹೆಕ್ಕಿದ್ದು. ನಾನು ತಿರುಗಲಿಲ್ಲ. ಪಾಪ, ನಾಚಿಕೆ ಆದೀತು ಅಂತ.”

ಹಿಂದಿರುಗಿ ಬರುವ ಬೆಳಕು. ಮೂರರಲ್ಲಿ ಒಂದು ಪಾಲು. ಅದನ್ನು ಇಲ್ಲವಾಗಿಸುವುದಕ್ಕೆ ಅವನು ಆಯುಷ್ಯ ಸವೆಸುತ್ತಿದ್ದ, ಅದು ಅವನನ್ನು ಇವಳ ಕಣ್ಣಿಗೆ ಒಯ್ದು ಒಪ್ಪಿಸಿ ಒಂದು ವರ್ಷವೇ ಆಗಿತ್ತು.

“ಮತ್ತೆ ನೀನು ಎಂತ ಅಂದುಕೊಂಡೆ?”

“ಎಂತ ಅಂದುಕೊಳ್ಳುವುದು? ಜೇಬಿಗೆ ಹಾಕಿಕೊಂಡೆ ಅಂದುಕೊಂಡೆ.” ಅವಳು ಸ್ಟ್ರಾದಿಂದ ಲೋಟದ ತಳದ ಬೀಜವೊಂದನ್ನು ಆಚೆ ಈಚೆ ಉರುಳಿಸಿದಳು. “ಸ್ವಲ್ಪ ದಿನ ಕಾದದ್ದೂ ಉಂಟು. ಇವ ಈಗ ಹೇಳ್ತಾನೆ, ಇನ್ನು ಹೇಳ್ತಾನೆ ಅಂತ. ಆಮೇಲೆ ಹೋಗಲಿ ಅಂತ ಬಿಟ್ಟೆ.” ಆಮೇಲೆ ತಲೆಯೆತ್ತಿ, ನಂಬಲಾಗದ ದನಿಯಲ್ಲಿ, “ಅಂದರೆ ನೀನು ಅದರ ಮೇಲೆ ರಬ್ಬರ್ ಸುರಿದೆಯಾ?” ಎಂದಳು.

ಅವನು ಗಂಟಲು ಸರಿಮಾಡಿಕೊಂಡ, ನಜೀಬ್ ಮಾಡಿ ತೋರಿಸುತ್ತಿದ್ದ ಹಾಗೆಯೇ. ಅವಳು ನಗಲಿಲ್ಲ. ಎದ್ದು ಸೀರೆಯ ಸೆರಗನ್ನು ಸರಿಮಾಡಿಕೊಂಡು, “ನಡಿ. ಮೇಡಂ ಕರೆದಿದ್ದಾರಲ್ಲ, ಹೋಗುವ. ನನ್ನ ಹೂವಿನ ಮರ್ಯಾದೆ ನಾನೇ ನೋಡಿಕೊಳ್ಳುತ್ತೇನೆ” ಎಂದಳು.

ಬಸ್ಸಿನಲ್ಲಿ ಅವಳು ಕಿಟಕಿಯ ಬದಿ, ಅವನು ಈಚೆ, ನಡುವೆ ಬಾಳೆಲೆಯ ಗಂಟು. ಬೈಲೂರು ದಾಟುವ ಹೊತ್ತಿಗೆ ಒಳಗಿನ ಮೊಗ್ಗುಗಳು ಅರಳತೊಡಗಿರಬೇಕು, ಬಸ್ಸಿನ ತುಂಬ ವಾಸನೆ. ಕಂಡಕ್ಟರ್ ಟಿಕೆಟ್ ಹರಿಯುತ್ತಾ ಇಬ್ಬರನ್ನೂ ಗಂಟನ್ನೂ ನೋಡಿ, “ಮದ್ಮೆನಾ ಅಣ್ಣ?” ಎಂದು ತುಳುವಿನಲ್ಲಿ ಕೇಳಿಯೇ ಬಿಟ್ಟ. ಮದುವೆಯಂತೆ! “ಅಲ್ಲ, ಪ್ರಯೋಗ” ಎಂದ ಕೀರ್ತನ್. “ಎರಡೂ ಒಂದೇ” ಎಂದು ಹಿಂದಿನ ಸೀಟಿನಿಂದ ಯಾರೋ ಹೇಳಿದರು. ತನ್ವಿ ಹೊರಗೆ ನೋಡುತ್ತಿದ್ದಳು. ಕಿಟಕಿಯ ಗಾಜಿನಲ್ಲಿ ಅವಳು ನಕ್ಕಳೋ ಇಲ್ಲವೋ ಎಂದು ನೋಡಲು ಯತ್ನಿಸಿದ, ಗಾಜು ಧೂಳು ಹಿಡಿದಿತ್ತು, ಯಾವುದನ್ನೂ ಹಿಂದಕ್ಕೆ ಕೊಡಲಿಲ್ಲ. ಎಣ್ಣೆ ಹಾಕಿ ಬಿಗಿಯಾಗಿ ಹೆಣೆದ ಜಡೆ ಇವತ್ತು ಬರಿದಾಗಿತ್ತು. ಜಡೆಯ ಕಡೆ ಹೋದ ಯೋಚನೆ ಹಿಂದಿರುಗಿ ಬಂತು. ಹಿರಿಯಡ್ಕದಲ್ಲಿ ಬಸ್ಸು ತುಂಬಿತು, ಪರ್ಕಳದ ಏರಿನಲ್ಲಿ ಏದುಸಿರು ಬಿಟ್ಟಿತು, ಅವನ ಎದೆಯೂ ಜೊತೆಗೆ. ಫಲಿತಾಂಶ ಹೋಯಿತು ಎಂದೇ ಇಟ್ಟುಕೊಳ್ಳುವುದು. ಜಡೆಯಿಂದ ಬಿದ್ದ, ಯಾವ ಗಿಡದ್ದೆಂದು ತಿಳಿಯದ ಹೂವು. ಅದನ್ನು ಶಂಕರಪುರದ ತಾಜಾ ಹೂವು ಎಂದು ಹೇಳಿದ್ದು. ಮೇಡಂ ಬೈಯುವುದಿಲ್ಲ. ಮೂಗಿನಿಂದ ಉಸಿರೆಳೆದು ಅಲ್ವಾ ಎನ್ನುತ್ತಾರೆ, ಬೈಯುವುದಕ್ಕಿಂತ ಅದು ಕಷ್ಟ.

ಲ್ಯಾಬಿನ ಬಾಗಿಲು ತೆರೆದಾಗ ಮೇಜಿನ ಮೇಲೆ ಕೇಕು, ಕಾಪುವಿನ ಮನೆಯಿಂದ ನಜೀಬನ ಅಕ್ಕ ನುಸ್ರತ್ ಕಳಿಸಿದ ಸಮೋಸಗಳ ಡಬ್ಬಿ. ಮೇಡಂ ಲೋಟ ಹಿಡಿದು ಕುಳಿತಿದ್ದರು. ನಜೀಬ್ ಬಾಗಿಲನ್ನೇ ನೋಡುತ್ತಿದ್ದ, ಯಾರನ್ನೋ ಕಾಯುವವನ ಹಾಗೆ. ಕೀರ್ತನನ ಹಿಂದೆ ತನ್ವಿ ಒಳಗೆ ಬಂದದ್ದನ್ನು ಕಂಡು ಅವನ ಕೈಯ ಸಮೋಸ ಬಾಯಿಯ ದಾರಿಯಲ್ಲಿ ನಿಂತುಹೋಯಿತು.

“ತನ್ವಿ! ನೀನು ಎಂತ ಇಲ್ಲಿ, ಹೇಳದೆ ಕೇಳದೆ?” ಮೇಡಂ ಎದ್ದರು.

“ಮೇಡಂ” ಎಂದ ಕೀರ್ತನ್, ಗಂಟಲು ಸರಿಮಾಡಿಕೊಳ್ಳುವುದಕ್ಕೂ ನಿಲ್ಲದೆ, “ನೀವು ಹೇಳಿದ ಹಾಗೆ ಕರೆದುಕೊಂಡು ಬಂದೆ. ಕಪ್ಪು ತುಂಡಿನ ಹೂವಿನ ಯಜಮಾನಿ ಇವಳೇ. ಇವಳ ಜಡೆಯಿಂದ ಬಿದ್ದದ್ದು. ಆ ದಿನ ಶಂಕರಪುರದ ಹೂವು ಬಂದಿರಲಿಲ್ಲ, ನಾನು ಇದನ್ನು ಹೆಕ್ಕಿ ಅಚ್ಚು ತೆಗೆದೆ, ನಿಮಗೆ ಸುಳ್ಳು ಹೇಳಿದೆ. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ಮೇಡಂ.”

ಮೇಡಂ ಅವನನ್ನು ನೋಡಿದರು. ಅವಳನ್ನು ನೋಡಿದರು. “ನಾನು ಹೇಳಿದ ಹಾಗೆಯಾ? ನಾನು ಯಾವಾಗ ಹೇಳಿದೆ?”

“ಬೆಳಿಗ್ಗೆ. ಫೋನಿನಲ್ಲಿ.”

ಸಮೋಸದ ಚೂರೊಂದು ನೆಲಕ್ಕೆ ಬಿದ್ದ ಸದ್ದು ಕೇಳಿಸಿತು. ಮೇಡಂ ನಿಧಾನವಾಗಿ ಆ ಕಡೆ ತಿರುಗಿದರು. “ನಜೀಬ್.”

“ಮೇಡಂ, ಅಲ್ಲ, ನಾನು ಹೇಳಿದ್ದು ನಿಮ್ಮ ಅಮ್ಮನನ್ನು!” ನಜೀಬನ ಬಾಯಿಂದ ಮೊತ್ತಮೊದಲ ಸಲ ಅವನದೇ ದನಿ, ಹೆದರಿದ ದನಿ ಬಂತು. “ಬಾಯಮ್ಮ ಒಂದು ಸಲವೂ ಲ್ಯಾಬು ನೋಡಿಲ್ಲ ಅಂತ ನೀವೇ ಹೇಳಿದ್ದಿರಿ. ಹುಟ್ಟುಹಬ್ಬಕ್ಕೆ ಇವ ಕರೆದುಕೊಂಡು ಬಂದರೆ ನಿಮಗೂ ಆಶ್ಚರ್ಯ, ಇವನಿಗೂ ಪೆಚ್ಚು ಅಂತ. ಹೂವಿನ ಯಜಮಾನರು ಅಂದರೆ ಬೇರೆ ಯಾರು ಮೇಡಂ? ಈ ಮಾರಾಯ ಕಾರ್ಕಳಕ್ಕೆ ಹೋಗಿ ಇವಳನ್ನು ತರುತ್ತಾನೆ ಅಂತ ನನಗೆ ಎಂತ ಕನಸು ಬಿದ್ದಿತ್ತಾ?”

“ನನ್ನ ದನಿಯಲ್ಲಿ ಹೇಳಿದ್ದಾ?” ಮೇಡಂ ಕುರ್ಚಿ ಎಳೆದು ಕುಳಿತರು. “ಮಾಡು. ಈಗ, ನನ್ನೆದುರು.”

ಬಲಿಯ ಕೋಳಿಯ ಹಾಗೆ ನಿಂತು ನಜೀಬ್ ಮೂಗಿನಿಂದ ಉಸಿರೆಳೆದ. “ಹೂವಿಗೆ ಒಬ್ಬರು ಯಜಮಾನರು ಇರುತ್ತಾರೆ, ಅಲ್ವಾ?”

ಮ್ಮ್… ಎಂದು ಮೂಗಿನಿಂದ ಉದ್ದಕ್ಕೆ ಒಂದು ಉಸಿರು ಎಳೆದು ಮೇಡಂ, “ನಾನು ಹಾಗೆ ಉಸಿರೆಳೆಯುತ್ತೇನಾ?” ಎಂದರು.

ತನ್ವಿ ಮೇಜಿಗೆ ಹಣೆ ಒತ್ತಿದಳು. ನಜೀಬ್ ಗೋಡೆಗೆ ತಿರುಗಿದ. ಮೇಡಂ ಅವರ ಲೋಟದಿಂದ ಚಹಾ ತುಳುಕಿತು. ನಗದೆ ನಿಂತವನು ಕೀರ್ತನ್ ಒಬ್ಬನೇ, ಅಂಗೈಗಳ ಮೇಲೆ ಹೂವಿನ ಗಂಟು ಹಿಡಿದು. ಬೆಳಗಿನಿಂದ ಅವನು ಹೊತ್ತು ತಿರುಗಿದ ಭಯ ಇಲ್ಲಿ ಯಾರ ತಲೆಯಲ್ಲೂ ಇರಲಿಲ್ಲ. ಯಾರೂ ಕೇಳದ ಪ್ರಶ್ನೆಗೆ ಉತ್ತರ ಹೇಳಲು ಅವನು ಮೂರು ಊರು ಸುತ್ತಿ ಬಂದಿದ್ದ.

ಮೇಡಂ ಕಣ್ಣೊರೆಸಿಕೊಂಡು ಎದ್ದು ತನ್ವಿಯ ಹತ್ತಿರ ಹೋದರು. ಅವಳ ಜಡೆಯ ಬುಡವನ್ನು ಎರಡು ಬೆರಳಿನಲ್ಲಿ ಮುಟ್ಟಿ, ಬೆರಳುಗಳನ್ನು ಒಂದಕ್ಕೊಂದು ಉಜ್ಜಿ, ಮೂಗಿಗೆ ಹಿಡಿದರು. “ತೆಂಗಿನೆಣ್ಣೆ. ಕೀರ್ತನ್, ಹಲಸಿನ ಹಣ್ಣು ಕೊಯ್ಯುವ ಮುಂಚೆ ನಿನ್ನ ತಾಯಿ ಕೈಗೆ ಎಂತ ಹಚ್ಚುತ್ತಾರೆ?”

“ಎಣ್ಣೆ” ಎಂದ. ಎಂದ ಮೇಲೆ ಕೇಳಿಸಿತು ಅವನಿಗೆ. ಅಂಟಬಾರದು ಎಂದು. ಮಂಜು ಕುಳಿತಷ್ಟು ತೆಳುವಾಗಿ ಎಣ್ಣೆ ಕೂದಲಿನಿಂದ ಎಸಳಿಗೆ ಹತ್ತಿತ್ತು, ಅದಕ್ಕೇ ಅಚ್ಚು ಏನನ್ನೂ ಹರಿಯದೆ ಬಿಟ್ಟುಬಂದಿತ್ತು. ಒಂದು ವರ್ಷ ಅವನು ಹೂವನ್ನೇ ಬದಲಿಸುತ್ತಾ ಹೋಗಿದ್ದ. ಜಡೆಯ ಕಡೆ ಹೋದ ಯೋಚನೆ ಒಂದೇ ಒಂದು ಸಲ ಹಿಂದಿರುಗದೆ ಒಳಗೆ ಇಳಿದಿದ್ದರೆ!

“ಪವಾಡ ಅಲ್ಲ, ಎಣ್ಣೆ. ಸೋಮವಾರ ಮಾಡಿ ನೋಡು. ಆದರೆ ಆ ಫಲಿತಾಂಶ ಉಳಿಯುವುದೇ ಆದರೆ ಯಾರ ಹೂವು ಅಂತ ಇದ್ದ ಹಾಗೆಯೇ ಹೇಳಿ ಉಳಿಸಬೇಕು. ಸಮಿತಿಗೂ.” ಮೇಡಂ ಬಾಳೆಲೆಯ ಗಂಟನ್ನು ಅವನ ಕೈಯಿಂದ ತೆಗೆದುಕೊಂಡು ಬಿಚ್ಚತೊಡಗಿದರು. ನಾರಿನ ಗಂಟಿನಲ್ಲಿ ಉಗುರು ಸಿಕ್ಕಿಸಿ ಹಾಗೆಯೇ ನಿಂತು, ತಲೆಯೆತ್ತದೆ, “ಒಂದು ಮಾತ್ರ ತಿಳಿಯಲಿಲ್ಲ ನನಗೆ” ಎಂದರು. “ಆ ದಿನ ಹೂವು ಬಂದಿರಲಿಲ್ಲ ಅಂದೆಯಲ್ಲ. ತನ್ವಿಯ ಕೊನೆಯ ದಿನ ಅಂತ ಅಮ್ಮನ ಹೂವನ್ನು ನಾನೇ ಹಿಡಿದುಕೊಂಡು ಬಂದು ಫ್ರಿಜ್ಜಿನಲ್ಲಿ ಇಟ್ಟದ್ದು. ಅಲ್ವಾ?”

ಫ್ರಿಜ್ಜಿನ ಬಾಗಿಲು, ಒಳಗಿನ ಸಣ್ಣ ದೀಪ, ದೀಪದ ಕೆಳಗೆ, ಹೌದು, ಬಾಳೆಲೆಯ ಗಂಟು, ತಣ್ಣಗೆ, ನೀರಿನ ಹನಿಗಳ ಸಮೇತ. ಅದನ್ನು ನೋಡಿ ಅವನು ಬಾಗಿಲು ಮುಚ್ಚಿದ್ದ. ಇನ್ನೊಂದು ಕೈಯ ಮುಷ್ಟಿಯಲ್ಲಿ ಆ ತುಂಡು ದಂಡೆ ಬೆಚ್ಚಗಾಗುತ್ತಿತ್ತು, ಸಂಜೆಗೆ ಬಾಡಿಹೋಗುವುದಿತ್ತು. ಅವನು ತಲೆಯೆತ್ತಿದ. ತನ್ವಿ ನೋಡುತ್ತಿದ್ದಳು, ಈ ಸಲ ವೇಫರಿನಲ್ಲಲ್ಲ, ನೇರವಾಗಿ. ಒಂದು ಸುಳ್ಳು ಬೇಕಿತ್ತು, ಸಣ್ಣದು, ಬೆಳಕಿನ ಅಲೆಗಿಂತ ಸಣ್ಣದಾದರೂ ಸಾಕಿತ್ತು. ಹುಡುಕಿದ. ಇರಲಿಲ್ಲ.

“ಜೇಬಿಗೆ ಹಾಕಿಕೊಳ್ಳಬಹುದಿತ್ತು ಮಾರಾಯ” ಎಂದಳು ತನ್ವಿ. ಅವಳ ದನಿ ಅರ್ಧದಲ್ಲಿ ಒಡೆಯಿತು.

“ಜೇಬಿನಲ್ಲಿ ಇಟ್ಟಿದ್ದರೆ ಬಾಡುತ್ತಿತ್ತು” ಎಂದ ಕೀರ್ತನ್.

ಹೇಳಿದ್ದು ತಾನೇ ಎಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ನಜೀಬ್ ಮೊದಲು ಉಬ್ಬಸದ ಹಾಗೆ ಸುರು ಮಾಡಿದ, ಆಮೇಲೆ ಮೇಡಂ, ಅರಳಿದ ಹೂವನ್ನು ಎದೆಗೆ ಒತ್ತಿಕೊಂಡು, ಆಮೇಲೆ ತನ್ವಿ, ಕೆಂಪಾದ ಮುಖವನ್ನು ಸೆರಗಿನಲ್ಲಿ ಮುಚ್ಚಿಕೊಂಡು. ಅಷ್ಟರಲ್ಲಿ ಕೀರ್ತನನ ಹೊಟ್ಟೆಯ ಬುಡದಿಂದ ಏನೋ ಬಿಟ್ಟುಬಂತು, ಎಲ್ಲೂ ಅಂಟದೆ, ಎಲ್ಲೂ ಹರಿಯದೆ. ಅವನು ಮೇಜನ್ನು ಹಿಡಿದುಕೊಂಡ, ಮೇಜು ಅಲುಗಿತು, ಡಬ್ಬಿಯ ಸಮೋಸಗಳು ಅಲುಗಿದವು. “ಎಂತ ಆಯಿತು ಒಳಗೆ?” ಎಂದು ವಾಚ್‌ಮನ್ ಶೇಖರ ಓಡಿಬಂದು ಬಾಗಿಲಿನಲ್ಲಿ ನಿಂತು, ಯಾರಿಗೆ ಏನಾಗಿದೆ ಎಂದು ತಿಳಿಯದೆ, ನಾಲ್ಕು ಜನರಲ್ಲಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನ ಬೆನ್ನು ತಟ್ಟತೊಡಗಿದ.